ಅದಿರಿನಿಂದ ಕಬ್ಬಿಣ ಬಿಡಿಸುವುದು ಹೇಗೆ?

ಪಡೀಲಿನ ಆಸುಪಾಸಿನಲ್ಲಿ ರಸ್ತೆಗೋ ರೈಲು ಹಳಿಗೋ ಗುಡ್ಡ ಕಡಿದ ಜಾಗವಿದ್ದರೆ ಒಮ್ಮೆ ನಿಂತು ನೋಡಿ. ಮೇಲಿನಿಂದ ಬುಡದವರೆಗೆ ಕೆಂಪು, ನಡುನಡುವೆ ಹಳದಿ. ನಮ್ಮ ಕರಾವಳಿಯಲ್ಲಿ ಮನೆ, ಬಾವಿಕಟ್ಟೆ, ಆವರಣದ ಗೋಡೆ ಎಲ್ಲಕ್ಕೂ ಬಳಸುವ ಮುರಕಲ್ಲು ಇದೇ. ಅದರ ಕೆಂಪು ಬಣ್ಣಕ್ಕೆ ಕಾರಣ ಕಬ್ಬಿಣ. ಮಂಗಳೂರು ಹಂಚಿನ ಕೆಂಪೂ ಕಬ್ಬಿಣದ್ದೇ. 1865ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಬೂದು ಬಣ್ಣದ ಜೇಡಿಮಣ್ಣು ಗೂಡಿನೊಳಗೆ ಹೋಗಿ ಕೆಂಪಾಗಿ ಹೊರಬರುತ್ತಿದೆ. ಮಣ್ಣಿನಲ್ಲಿದ್ದ ಕಬ್ಬಿಣದ ಸಂಯುಕ್ತಗಳು ಬೆಂಕಿಯ ಬಿಸಿಗೆ ಗಾಳಿಯ ಆಮ್ಲಜನಕವನ್ನು ಹೀರಿ, ನೀರಿನ ಅಂಶವನ್ನು ಕಳೆದುಕೊಂಡು ಕೆಂಪು ಆಕ್ಸೈಡ್ ಆಗುತ್ತವೆ.

ಹಾಗಿದ್ದರೆ ಒಂದು ಪ್ರಶ್ನೆ ಏಳುತ್ತದೆ. ಕಾಲಡಿಯಲ್ಲೇ ಇಷ್ಟು ಕಬ್ಬಿಣವಿರುವಾಗ ಬಳ್ಳಾರಿ-ಹೊಸಪೇಟೆಯ ಕಡೆಯಿಂದ ಅದಿರು ಹೊತ್ತ ಗೂಡ್ಸ್ ಗಾಡಿಗಳು ಘಟ್ಟ ಇಳಿದು ಪಡೀಲನ್ನು ದಾಟಿ ಪಣಂಬೂರಿಗೆ ಏಕೆ ಬರಬೇಕಾಯಿತು? ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಬಂದರಿನಿಂದ ಕಲ್ಲಿದ್ದಲು ತುಂಬಿದ ಗಾಡಿಗಳು ಘಟ್ಟ ಹತ್ತುವುದೇಕೆ? ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿಲೋಮೀಟರ್ ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರುವಷ್ಟು ಕಡಿದಾದ ಹಾದಿ ಅದು. 1979ರಲ್ಲಿ ಮೀಟರ್ ಗೇಜಿನಲ್ಲಿ ಪೂರ್ಣಗೊಂಡ ಈ ಮಾರ್ಗವನ್ನು ಯೋಜಿಸುವಾಗ ಮುಖ್ಯವಾಗಿ ಮನಸ್ಸಿನಲ್ಲಿದ್ದದ್ದು ಪ್ರಯಾಣಿಕರಲ್ಲ, ಕಬ್ಬಿಣದ ಅದಿರು. ಒಂದು ಕಡೆಯಿಂದ ಅದಿರು, ಇನ್ನೊಂದು ಕಡೆಯಿಂದ ಇದ್ದಲು: ಈ ಎರಡರ ಸಂಬಂಧ ತಿಳಿದರೆ ಕಬ್ಬಿಣ ತೆಗೆಯುವ ವಿದ್ಯೆಯ ಮುಕ್ಕಾಲು ಪಾಲು ತಿಳಿದಂತೆಯೇ.

ಮೊದಲು ಅದಿರು ಎಂದರೇನೆಂದು ನೋಡೋಣ. ಕಬ್ಬಿಣ ಇರುವ ಕಲ್ಲೆಲ್ಲ ಕಬ್ಬಿಣದ ಅದಿರಲ್ಲ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ನೂರಕ್ಕೆ ಐದರಷ್ಟು ಕಬ್ಬಿಣವೇ ಇದೆ. ಆದರೆ ಯಾವ ಕಲ್ಲಿನಿಂದ ಖರ್ಚಿಗೆ ಮೀರದಂತೆ ಲೋಹ ಬಿಡಿಸಬಹುದೋ ಅದನ್ನು ಮಾತ್ರ ಅದಿರು ಎನ್ನುತ್ತೇವೆ. ಪಡೀಲಿನ ಮುರಕಲ್ಲಿನಲ್ಲಿ ಕಬ್ಬಿಣದ ಜೊತೆಗೆ ಅಲ್ಯೂಮಿನಿಯಂ ಮತ್ತು ಸಿಲಿಕಾನಿನ ಆಕ್ಸೈಡುಗಳು ಧಾರಾಳವಾಗಿ ಬೆರೆತಿವೆ. ಅವನ್ನು ಕರಗಿಸಿ ಬೇರೆ ಮಾಡುವ ಖರ್ಚಿನಲ್ಲಿ ಬಳ್ಳಾರಿಯ ಅದಿರನ್ನು ಗಾಡಿ ಬಾಡಿಗೆ ಕೊಟ್ಟು ತರಿಸಿದರೂ ಲಾಭವೇ.

ನಮ್ಮ ರಾಜ್ಯದಲ್ಲಿ ಮುಖ್ಯವಾಗಿ ಎರಡು ಬಗೆಯ ಅದಿರುಗಳಿವೆ. ಸಂಡೂರು, ಹೊಸಪೇಟೆ, ಬಳ್ಳಾರಿಯ ಬೆಟ್ಟಗಳದ್ದು ಹೆಮಟೈಟ್. ಅರೆದರೆ ಕುಂಕುಮದಂತೆ ಕೆಂಪಾಗುವ ಅದಿರು. ಕುದುರೆಮುಖದ್ದು ಮ್ಯಾಗ್ನೆಟೈಟ್. ಕಪ್ಪು ಬಣ್ಣದ್ದು, ಅಯಸ್ಕಾಂತಕ್ಕೆ ಅಂಟುವಂಥದ್ದು. ಹೆಮಟೈಟಿನ ಅಣುಸೂತ್ರದಲ್ಲಿ ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣುಗಳು. ಕಬ್ಬಿಣದ ಪರಮಾಣು ತೂಕ 56, ಆಮ್ಲಜನಕದ್ದು 16. ಆದ್ದರಿಂದ 112 ಪಾಲು ಕಬ್ಬಿಣ, 48 ಪಾಲು ಆಮ್ಲಜನಕ, ಒಟ್ಟು 160. ಅಂದರೆ ಕಲ್ಮಶವೇ ಇಲ್ಲದ ಹೆಮಟೈಟಿನಲ್ಲೂ ನೂರಕ್ಕೆ 70ಕ್ಕಿಂತ ಹೆಚ್ಚು ಕಬ್ಬಿಣ ಇರಲು ಸಾಧ್ಯವಿಲ್ಲ. ಮ್ಯಾಗ್ನೆಟೈಟಿನಲ್ಲಿ ಮೂರಕ್ಕೆ ನಾಲ್ಕು. ಲೆಕ್ಕ ಮಾಡಿದರೆ ನೂರಕ್ಕೆ 72ಕ್ಕೆ ತುಸು ಹೆಚ್ಚು ಬರುತ್ತದೆ. ನೀವೇ ಮಾಡಿ ನೋಡಿ.

ಇನ್ನೊಂದನ್ನೂ ಮಾಡಿ ನೋಡಬಹುದು. ಒಂದು ಅಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿ ಹೊಳೆಯ ಅಥವಾ ಕಡಲ ತೀರದ ಕಪ್ಪು ಮರಳಿನಲ್ಲಿ ಆಡಿಸಿ. ಕೂದಲಿನಂತೆ ನೆಟ್ಟಗೆ ನಿಂತು ಅಂಟಿಕೊಳ್ಳುವ ಕಪ್ಪು ಕಣಗಳಲ್ಲಿ ಹೆಚ್ಚಿನವು ಮ್ಯಾಗ್ನೆಟೈಟ್. ಚೀಲವನ್ನು ಕಳಚಿದರೆ ಕಣಗಳು ಉದುರುತ್ತವೆ. ಅಯಸ್ಕಾಂತಕ್ಕೆ ನೇರವಾಗಿ ಅಂಟಿಸಿದಿರೋ, ಬಿಡಿಸಲು ಸಾಯಂಕಾಲದವರೆಗೆ ಕೂರಬೇಕಾದೀತು! ಅದೇ ಅಯಸ್ಕಾಂತವನ್ನು ಮುರಕಲ್ಲಿನ ಪುಡಿಗೆ ಹಿಡಿದರೆ ಅಷ್ಟಾಗಿ ಏನೂ ಅಂಟದು. ಎರಡರಲ್ಲೂ ಕಬ್ಬಿಣವಿದೆ, ಆದರೆ ಪರಮಾಣುಗಳ ಜೋಡಣೆ ಬೇರೆ. ಈ ಒಂದು ವ್ಯತ್ಯಾಸದ ಮೇಲೆಯೇ ಕುದುರೆಮುಖದ ಇಡೀ ಕಾರ್ಖಾನೆ ನಿಂತಿತ್ತು. ಅದನ್ನು ಮುಂದೆ ನೋಡೋಣ.

ಇದ್ದಲಿನ ಎರಡು ಕೆಲಸ

ಅದಿರಿನಲ್ಲಿ ಕಬ್ಬಿಣ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬರೇ ಕಾಯಿಸಿದರೆ ಬಿಡುವುದಿಲ್ಲ. ಕೆಂಪು ಆಕ್ಸೈಡನ್ನು ಎಷ್ಟು ಕಾಯಿಸಿದರೂ ಅದು ಕೆಂಪು ಹಂಚಾಗುತ್ತದೆಯೇ ಹೊರತು ಕಬ್ಬಿಣವಾಗುವುದಿಲ್ಲ. ಆಮ್ಲಜನಕವನ್ನು ಕಸಿದುಕೊಳ್ಳುವ ಇನ್ನೊಂದು ವಸ್ತು ಬೇಕು. ಅದೇ ಇಂಗಾಲ. ಹೆಚ್ಚಿನ ಉಷ್ಣತೆಯಲ್ಲಿ ಇಂಗಾಲಕ್ಕೆ ಆಮ್ಲಜನಕದ ಮೇಲಿರುವ ಸೆಳೆತ ಕಬ್ಬಿಣಕ್ಕಿರುವುದಕ್ಕಿಂತ ಬಲವಾದದ್ದು. ಹೀಗೆ ಆಮ್ಲಜನಕವನ್ನು ಕಳೆಯುವ ಕ್ರಿಯೆಗೆ ನಿಮ್ಮ ಪಠ್ಯಪುಸ್ತಕದಲ್ಲಿ ಅಪಕರ್ಷಣೆ ಎಂಬ ಹೆಸರಿದೆ. ಆದ್ದರಿಂದ ಕುಲುಮೆಯಲ್ಲಿ ಇದ್ದಲಿಗೆ ಎರಡು ಕೆಲಸ. ಒಂದು, ಉರಿದು ಬಿಸಿ ಕೊಡುವುದು. ಎರಡು, ಆಮ್ಲಜನಕವನ್ನು ಎಳೆದುಕೊಳ್ಳುವುದು. ಪರೀಕ್ಷೆಯಲ್ಲಿ ಮೊದಲನೆಯದನ್ನು ಎಲ್ಲರೂ ಬರೆಯುತ್ತಾರೆ, ಎರಡನೆಯದನ್ನು ಅರ್ಧ ಜನ ಮರೆಯುತ್ತಾರೆ.

ಇದನ್ನು ನಮ್ಮ ಹಿಂದಿನವರು ಸೂತ್ರವಿಲ್ಲದೆಯೇ ತಿಳಿದಿದ್ದರು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ಬಾಣದ ಮೊನೆಗಳು ಸುಮಾರು ಮೂರು ಸಾವಿರ ವರ್ಷ ಹಳೆಯವು. ಅಷ್ಟು ದೂರ ಹೋಗುವುದೂ ಬೇಡ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗದ ಸುತ್ತ ಜನರು ಕಬ್ಬಿಣ ತೆಗೆಯುವುದನ್ನು ಕಂಡು ವಿವರವಾಗಿ ಬರೆದಿದ್ದಾನೆ. ಅಲ್ಲಿ ಅದಿರಿಗಾಗಿ ಬೆಟ್ಟ ಅಗೆಯುತ್ತಿರಲಿಲ್ಲ. ಮಳೆಗಾಲದಲ್ಲಿ ತೊರೆಗಳು ಬೆಟ್ಟದಿಂದ ತಂದು ಹಾಕಿದ ಕಪ್ಪು ಮರಳನ್ನು ಬಾಚಿ, ತೊಳೆದು ಬಳಸುತ್ತಿದ್ದರು. ನಿಮ್ಮ ಅಯಸ್ಕಾಂತಕ್ಕೆ ಅಂಟಿದ ಮರಳಿನಂಥದ್ದೇ ಅದು. ಮಣ್ಣಿನ ಸಣ್ಣ ಕುಲುಮೆ, ಅದರ ಬುಡಕ್ಕೆ ಗಾಳಿ ಊದುವ ಚರ್ಮದ ತಿದಿ, ಒಂದರ ಮೇಲೊಂದು ಹಾಕುವ ಇದ್ದಿಲು ಮತ್ತು ಕಪ್ಪು ಮರಳು. ಕೊನೆಗೆ ಸಿಗುತ್ತಿದ್ದದ್ದು ದ್ರವ ಲೋಹವಲ್ಲ, ಕಿಟ್ಟ ಮೆತ್ತಿದ ಮುದ್ದೆ. ಅದನ್ನು ಮತ್ತೆ ಕಾಯಿಸಿ ಸುತ್ತಿಗೆಯಿಂದ ಬಡಿದು ಕಿಟ್ಟವನ್ನು ಹೊರಹಾಕಿದರೆ ಕಬ್ಬಿಣ.

ಗಮನಿಸಬೇಕಾದ ಸಂಗತಿ ಇದು: ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ತಿದಿಯ ಗಾಳಿಯಿಂದ ಅಂಥ ಬಿಸಿ ಹುಟ್ಟುವುದಿಲ್ಲ. ಆದರೆ ಆಮ್ಲಜನಕ ಬಿಟ್ಟುಹೋಗಲು ಕಬ್ಬಿಣ ಕರಗಲೇಬೇಕೆಂದಿಲ್ಲ. ಘನರೂಪದಲ್ಲಿದ್ದಾಗಲೇ, 1200 ಡಿಗ್ರಿಯೊಳಗೇ ಆ ಕೆಲಸ ಮುಗಿಯುತ್ತದೆ. ಬಳ್ಳಾರಿ, ಕೊಪ್ಪಳದ ಕಡೆ ಸ್ಪಂಜ್ ಐರನ್ ಎಂಬ ಹೆಸರಿನ ಕಾರ್ಖಾನೆಗಳಿವೆಯಲ್ಲ, ಅವುಗಳ ಉರುಳುವ ಗೂಡಿನೊಳಗೆ ನಡೆಯುವುದೂ ತತ್ತ್ವದಲ್ಲಿ ಇದೇ. ಕರಗದೆ ಆಮ್ಲಜನಕ ಕಳೆದುಕೊಂಡ ಅದಿರಿನ ಉಂಡೆಯಲ್ಲಿ ಸ್ಪಂಜಿನಂತೆ ತೂತುಗಳು ಉಳಿಯುತ್ತವೆ.

ಊದುಕುಲುಮೆಯ ಒಳಗೆ

ದೊಡ್ಡ ಪ್ರಮಾಣದಲ್ಲಿ ಕಬ್ಬಿಣ ಬೇಕಾದರೆ ಊದುಕುಲುಮೆಯೇ ಆಗಬೇಕು. ಹತ್ತಿಪ್ಪತ್ತು ಅಂತಸ್ತಿನ ಕಟ್ಟಡದ ಎತ್ತರದ, ಒಳಗೆ ಬೆಂಕಿ ಇಟ್ಟಿಗೆ ಹೊದಿಸಿದ ಉಕ್ಕಿನ ಗೋಪುರ ಅದು. ಮೇಲಿನಿಂದ ಅದಿರು, ಕೋಕ್, ಸುಣ್ಣಕಲ್ಲು ಪದರಪದರವಾಗಿ ಬೀಳುತ್ತವೆ. ಬುಡದ ಸುತ್ತಲಿನ ಊದುಕೊಳವೆಗಳಿಂದ ಸಾವಿರ ಡಿಗ್ರಿಗೂ ಮೀರಿ ಕಾಯಿಸಿದ ಗಾಳಿ ನುಗ್ಗುತ್ತದೆ. ವಸ್ತುಗಳು ಕೆಳಕ್ಕೆ, ಅನಿಲ ಮೇಲಕ್ಕೆ. ಈ ಎದುರುಬದುರು ಪಯಣದಲ್ಲಿಯೇ ಕುಲುಮೆಯ ಜಾಣತನವಿದೆ. ಮೇಲೇರುವ ಅನಿಲ ತನ್ನ ಬಿಸಿಯನ್ನೂ ತನ್ನ ರಾಸಾಯನಿಕ ಬಲವನ್ನೂ ಇಳಿಯುವ ಅದಿರಿಗೆ ಕೊಡುತ್ತಾ ಹೋಗುತ್ತದೆ.

ಕೋಕ್ ಎಂದರೆ ಗಾಳಿ ಸೋಕದಂತೆ ಕಾಯಿಸಿ ಅನಿಲ ಮತ್ತು ಡಾಂಬರನ್ನು ಹೊರಹಾಕಿದ ಕಲ್ಲಿದ್ದಲು. ಅದು ಗಟ್ಟಿಯಾಗಿರಬೇಕು. ಮೇಲಿನ ನೂರಾರು ಟನ್ ಭಾರಕ್ಕೆ ಪುಡಿಯಾಗದೆ, ಅನಿಲ ಹರಿಯಲು ಸಂದು ಉಳಿಸಬೇಕು. ಊದುಕೊಳವೆಯ ಬಾಯಲ್ಲಿ ಕೋಕ್ ಉರಿಯುವಾಗ ಉಷ್ಣತೆ 2000 ಡಿಗ್ರಿ ಮುಟ್ಟುತ್ತದೆ. ಅಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಸುತ್ತಲಿನ ಕೆಂಡದಂಥ ಕೋಕಿನೊಡನೆ ಮತ್ತೆ ಸೇರಿ ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ನಿಜವಾದ ಕೆಲಸಗಾರ ಈ ಮಾನಾಕ್ಸೈಡ್. ಕಲ್ಲು ಕಲ್ಲಿಗೆ ತಾಗಿದರೆ ತಾಗಿದಷ್ಟೇ ಜಾಗದಲ್ಲಿ ಕ್ರಿಯೆ ನಡೆದೀತು. ಅನಿಲವಾದರೆ ಅದಿರಿನ ಪ್ರತಿಯೊಂದು ರಂಧ್ರಕ್ಕೂ ನುಸುಳುತ್ತದೆ. ಹೆಮಟೈಟ್ ಮೊದಲು ಮ್ಯಾಗ್ನೆಟೈಟ್ ಆಗಿ, ಅದು ಇನ್ನೂ ಕಡಿಮೆ ಆಮ್ಲಜನಕದ ಆಕ್ಸೈಡ್ ಆಗಿ, ಕೊನೆಗೆ ಕಬ್ಬಿಣವಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಆಮ್ಲಜನಕವನ್ನು ಬಿಡುತ್ತಾ ಬರುತ್ತದೆ ಎನ್ನಿ.

ಕುಲುಮೆಯ ಬಾಯಿ ತೆರೆದು ಕೆಂಪು ಲೋಹ ಹರಿಯುವ ದೃಶ್ಯ ನಮ್ಮಂಥ ದೂರದರ್ಶನದವರಿಗೆ ಬಹಳ ಪ್ರಿಯ. ಉಕ್ಕಿನ ಬಗೆಗಿನ ಯಾವ ಕಾರ್ಯಕ್ರಮವೇ ಇರಲಿ, ಆ ಚಿತ್ರ ಇದ್ದೇ ಇರುತ್ತದೆ. ಆದರೆ ಅದು ಊಟವಾದ ಮೇಲೆ ಕೈತೊಳೆಯುವ ದೃಶ್ಯದಂತೆ. ಮುಖ್ಯವಾದ ಕ್ರಿಯೆಗಳಲ್ಲಿ ಹೆಚ್ಚಿನವು ಕೆಲವು ಗಂಟೆಗಳ ಹಿಂದೆಯೇ, ಗೋಪುರದ ಮೇಲಿನ ಭಾಗದ ಕತ್ತಲಲ್ಲಿ, ಕಲ್ಲು ಇನ್ನೂ ಕಲ್ಲಿನಂತೆಯೇ ಕಾಣುತ್ತಿದ್ದಾಗ ಮುಗಿದಿರುತ್ತವೆ. ಅಲ್ಲಿಗೆ ಕ್ಯಾಮೆರಾ ಹೋಗುವಂತಿಲ್ಲ. ಪುಟದ ಮೇಲೆ ಹೇಳುವುದೇ ದಾರಿ.

ಸುಣ್ಣಕಲ್ಲಿನ ಪಾತ್ರವೇನು? ಅದಿರಿನ ಜೊತೆ ಬಂದ ಮರಳಿನಂಥ ಸಿಲಿಕಾ ತಾನಾಗಿ ಸುಲಭವಾಗಿ ಕರಗುವುದಿಲ್ಲ. ಸುಣ್ಣಕಲ್ಲು ಬಿಸಿಗೆ ಸುಟ್ಟಸುಣ್ಣವಾಗಿ ಸಿಲಿಕಾದೊಡನೆ ಸೇರಿ ಗಾಜಿನಂಥ ದ್ರವವಾಗುತ್ತದೆ. ಅದೇ ಕಿಟ್ಟ. ಕಬ್ಬಿಣಕ್ಕಿಂತ ಹಗುರವಾದ್ದರಿಂದ ಹಾಲಿನ ಮೇಲೆ ಕೆನೆಯಂತೆ ತೇಲುತ್ತದೆ, ಬೇರೆ ತೂತಿನಿಂದ ಹೊರಗೆ ಹರಿಸಬಹುದು. ಈ ಕಿಟ್ಟವನ್ನು ನೀರಿನಲ್ಲಿ ಥಟ್ಟನೆ ತಣಿಸಿ ಪುಡಿ ಮಾಡಿದರೆ ಸಿಮೆಂಟಿಗೆ ಬೆರೆಸಬಹುದು. ನಿಮ್ಮ ಶಾಲೆಯ ಕಟ್ಟಡದಲ್ಲೂ ಅದು ಸೇರಿರಬಹುದು.

ಕೆಳಗೆ ಕೂಡಿದ ಕಬ್ಬಿಣ ಕೋಕಿನಿಂದ ಇಂಗಾಲವನ್ನು ಹೀರಿಕೊಂಡಿರುತ್ತದೆ, ನೂರಕ್ಕೆ ಸುಮಾರು 4ರಷ್ಟು. ಇಂಗಾಲ ಬೆರೆತ ಕಬ್ಬಿಣ 1150 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಆದ್ದರಿಂದಲೇ ಅದು ನೀರಿನಂತೆ ಹರಿಯುತ್ತದೆ. ಇದು ಬೀಡುಕಬ್ಬಿಣ. ಗಟ್ಟಿ, ಆದರೆ ಪೆಡಸು. ಹೊಡೆದರೆ ಒಡೆಯುತ್ತದೆ. ಮತ್ತೆ ಆಮ್ಲಜನಕ ಊದಿ ಇಂಗಾಲವನ್ನು ಸುಟ್ಟು ತಗ್ಗಿಸಿದರೆ ಉಕ್ಕು. ಅಂದರೆ ಒಂದು ಕಡೆ ಇಂಗಾಲ ಹಾಕಿ ಆಮ್ಲಜನಕ ತೆಗೆಯುತ್ತೇವೆ, ಇನ್ನೊಂದು ಕಡೆ ಆಮ್ಲಜನಕ ಹಾಕಿ ಇಂಗಾಲ ತೆಗೆಯುತ್ತೇವೆ!

ಇದ್ದಲಿಲ್ಲದ ನಾಡಿನಲ್ಲಿ

ಕರ್ನಾಟಕದಲ್ಲಿ ಅದಿರಿದೆ, ಕಲ್ಲಿದ್ದಲಿಲ್ಲ. ನಮ್ಮ ಕಬ್ಬಿಣದ ಕಥೆಯೆಲ್ಲ ಈ ಒಂದು ಕೊರತೆಯ ಸುತ್ತ ತಿರುಗುತ್ತದೆ. ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಕಟ್ಟಿದ ಕಾರ್ಖಾನೆಯ ಊದುಕುಲುಮೆಗೆ 1923ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಅದರೊಳಗಿದ್ದದ್ದು ಮಲೆನಾಡಿನ ಮರದ ಇದ್ದಿಲು. ಅದಿರು ಕೆಮ್ಮಣ್ಣುಗುಂಡಿಯದ್ದು. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಬಟ್ಟಿ ಇಳಿಸಿ, ಇದ್ದಿಲಿನ ಜೊತೆಗೆ ಮರದ ಮದ್ಯಸಾರ, ಡಾಂಬರು ಮುಂತಾದುವನ್ನೂ ತೆಗೆಯುತ್ತಿದ್ದರು. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಆ ಕಾರ್ಖಾನೆಯನ್ನು ಕಾಲ ಮೇಲೆ ನಿಲ್ಲಿಸಿದ ಕಥೆ ನಿಮಗೆ ಗೊತ್ತೇ ಇದೆ. ಇದ್ದಿಲಿನಲ್ಲಿ ಗಂಧಕ ಕಡಿಮೆ, ಕಬ್ಬಿಣ ಒಳ್ಳೆಯದು. ಆದರೆ ಕಾಡು ಎಷ್ಟು ದಿನ ಕೊಟ್ಟೀತು? 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಬಿಸಿಯ ಕೆಲಸವನ್ನು ವಿದ್ಯುತ್ತು ಹೊತ್ತುಕೊಂಡಿತು. ಆಮ್ಲಜನಕ ಕಸಿಯುವ ಕೆಲಸಕ್ಕೆ ಇಂಗಾಲ ಬೇಕೇ ಬೇಕಿತ್ತು. ಎರಡು ಕೆಲಸ ಎಂದು ಮೇಲೆ ಹೇಳಿದ್ದು ನೆನಪಿರಲಿ. 1999ರಲ್ಲಿ ತೋರಣಗಲ್ಲಿನಲ್ಲಿ ಶುರುವಾದ ಕೊರೆಕ್ಸ್ ವಿಧಾನದಲ್ಲಿ ಬಹುಪಾಲು ಕೋಕ್ ಮಾಡಲಾಗದ ಸಾಮಾನ್ಯ ಕಲ್ಲಿದ್ದಲನ್ನೇ ಬಳಸಬಹುದಾಯಿತು. ಆ ಇದ್ದಲೂ ಹೊರಗಿನಿಂದಲೇ ಬರಬೇಕು. ಪಡೀಲಿನಲ್ಲಿ ಘಟ್ಟದ ಕಡೆಗೆ ಮುಖ ಮಾಡಿದ ಇದ್ದಲಿನ ಗಾಡಿಗಳಿಗೆ ಇದೇ ಕಾರಣ.

ಕುದುರೆಮುಖದ ಕಪ್ಪು ಹಿಟ್ಟು

ಈಗ ನಮಗೆ ಹತ್ತಿರದ ಕಥೆಗೆ ಬರೋಣ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಮ್ಯಾಗ್ನೆಟೈಟ್ ಇದೆಯೆಂದು 1913ರಲ್ಲಿ ಗುರುತಿಸಿದವರು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. ಆದರೆ ಅದು ಬಡ ಅದಿರು. ಮೇಲ್ಪದರದಲ್ಲಿ ನೂರಕ್ಕೆ ಸುಮಾರು 38 ಕಬ್ಬಿಣ. ಕುಲುಮೆಗೆ ಬೇಕಾದದ್ದು 60ಕ್ಕಿಂತ ಹೆಚ್ಚು. ಹೀಗಾಗಿ ಆರು ದಶಕ ಅದು ಹಾಗೆಯೇ ಬಿದ್ದಿತ್ತು. 1975ರಲ್ಲಿ ಇರಾನಿನೊಡನೆ ಒಪ್ಪಂದವಾಯಿತು. ಅವರು ಸಾಲ ಕೊಡುವುದು, ನಾವು ಅದಿರು ಕೊಡುವುದು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಗಣಿ ಸಿದ್ಧವಾಗುವ ಹೊತ್ತಿಗೆ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಇಲ್ಲವಾದರು. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಬರೇ ಪುಡಿ ಮಾರಿದರೆ ಸಾಲದೆಂದು ಪಣಂಬೂರಿನಲ್ಲಿ ಪೆಲೆಟ್ ಕಾರ್ಖಾನೆ ಕಟ್ಟಿ 1987ರಲ್ಲಿ ಆರಂಭಿಸಿತು.

ಬಡ ಅದಿರನ್ನು ಸಿರಿವಂತ ಮಾಡುವ ವಿಧಾನ ಹೀಗೆ. ಕಲ್ಲನ್ನು ಮೊದಲು ಒಡೆದು, ಆಮೇಲೆ ನೀರಿನೊಡನೆ ಹಿಟ್ಟಿನಷ್ಟು ನುಣ್ಣಗೆ ಅರೆಯಬೇಕು. ಮ್ಯಾಗ್ನೆಟೈಟಿನ ಕಣ ಮತ್ತು ಸಿಲಿಕಾದ ಕಣ ಒಂದಕ್ಕೊಂದು ಅಂಟಿರುವವರೆಗೆ ಬೇರ್ಪಡಿಸಲು ಬಾರದು, ಅದಕ್ಕೇ ಈ ಅರೆತ. ನಂತರ ಆ ರಾಡಿಯನ್ನು ಅಯಸ್ಕಾಂತವಿರುವ ಉರುಳೆಗಳ ಮೇಲೆ ಹಾಯಿಸುತ್ತಾರೆ. ಕಪ್ಪು ಕಣಗಳು ಉರುಳೆಗೆ ಅಂಟುತ್ತವೆ, ಮಿಕ್ಕದ್ದು ನೀರಿನೊಡನೆ ಹೋಗುತ್ತದೆ. ಹೊಳೆಯ ಮರಳಿನಲ್ಲಿ ನೀವು ಮಾಡಿದ ಪ್ರಯೋಗವೇ, ಲಕ್ಷಾಂತರ ಟನ್ನಿನ ಲೆಕ್ಕದಲ್ಲಿ. ಕೊನೆಗೆ ದೊರೆಯುವ ಸಾರದಲ್ಲಿ ನೂರಕ್ಕೆ 67 ಕಬ್ಬಿಣ.

ಈ ಸಾರವನ್ನು ಲಾರಿಯಲ್ಲಿ ತಂದದ್ದಲ್ಲ, ರೈಲಿನಲ್ಲೂ ಅಲ್ಲ. ನೀರು ಬೆರೆತ ರಾಡಿಯಾಗಿಯೇ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಮುಟ್ಟಿಸಿದರು. ಹರಿವು ನಿಧಾನವಾದರೆ ಕಣಗಳು ತಳಕ್ಕೆ ಕೂತು ಕೊಳವೆ ಕಟ್ಟಿಕೊಳ್ಳುತ್ತದೆ. ತೀರ ವೇಗವಾದರೆ ಕೊಳವೆ ಒಳಗಿನಿಂದ ಸವೆಯುತ್ತದೆ. ಎರಡರ ನಡುವೆ ಹಿಡಿದಿಡಬೇಕು. ಇದನ್ನು ಮಾಡಿ ತೋರಿಸಿದ ಎಂಜಿನಿಯರುಗಳ ಕೆಲಸಕ್ಕೆ ಸಿಗಬೇಕಾದ ಮೆಚ್ಚುಗೆ ನಮ್ಮಲ್ಲಿ ಸಿಗಲಿಲ್ಲ ಎಂದೇ ನನ್ನ ಅಭಿಪ್ರಾಯ.

ಪಣಂಬೂರಿನಲ್ಲಿ ನೀರನ್ನು ಸೋಸಿ ತೆಗೆಯುತ್ತಾರೆ. ಉಳಿದ ಹಿಟ್ಟನ್ನು ಹಾಗೆಯೇ ಕುಲುಮೆಗೆ ಸುರಿಯುವಂತಿಲ್ಲ. ಅನಿಲದ ದಾರಿ ಮುಚ್ಚಿಹೋಗುತ್ತದೆ, ಇಲ್ಲವೇ ಹಿಟ್ಟೇ ಅನಿಲದೊಡನೆ ಹಾರಿಹೋಗುತ್ತದೆ. ಆದ್ದರಿಂದ ಬೆಂಟೊನೈಟ್ ಎಂಬ ಜಿಗುಟು ಜೇಡಿಮಣ್ಣನ್ನು ಅತಿ ಸ್ವಲ್ಪ ಬೆರೆಸಿ, ತಿರುಗುವ ತಟ್ಟೆಯಲ್ಲಿ ಉರುಳಿಸಿ ಗೋಲಿಯಂಥ ಉಂಡೆ ಮಾಡುತ್ತಾರೆ. ಸಾಬುದಾಣೆ ಉಂಡೆಗಟ್ಟುವ ರೀತಿಯದೇ ಇದು. ಹಸಿ ಉಂಡೆಗಳನ್ನು ಸುಮಾರು 1300 ಡಿಗ್ರಿಯಲ್ಲಿ ಸುಟ್ಟಾಗ ಗಟ್ಟಿಯಾಗುತ್ತವೆ. ಇಲ್ಲೊಂದು ಸ್ವಾರಸ್ಯವಿದೆ. ಸುಡುವಾಗ ಮ್ಯಾಗ್ನೆಟೈಟ್ ಗಾಳಿಯ ಆಮ್ಲಜನಕ ಹೀರಿ ಹೆಮಟೈಟ್ ಆಗುತ್ತದೆ, ಆ ಕ್ರಿಯೆಯಲ್ಲಿ ತಾನೇ ಬಿಸಿ ಹೊರಬಿಡುತ್ತದೆ. ಉಂಡೆ ತನ್ನನ್ನು ತಾನೇ ಒಂದಷ್ಟು ಸುಟ್ಟುಕೊಳ್ಳುತ್ತದೆ, ಎಣ್ಣೆ ಉಳಿಯುತ್ತದೆ. ಬಳ್ಳಾರಿಯ ಹೆಮಟೈಟ್ ಈಗಾಗಲೇ ಆಮ್ಲಜನಕ ತುಂಬಿಕೊಂಡದ್ದು, ಅದರಿಂದ ಈ ಉಳಿತಾಯವಿಲ್ಲ. ಮುಂದೆ ಕುದುರೆಮುಖದ ಅದಿರು ನಿಂತಾಗ ಪೆಲೆಟ್ ಕಾರ್ಖಾನೆಗೆ ತಟ್ಟಿದ ಬಿಸಿಗಳಲ್ಲಿ ಇದೂ ಒಂದು.

ಅದು ನಿಂತದ್ದು ಹೇಗೆ? ಗಣಿಯಿದ್ದದ್ದು ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಾಗದಲ್ಲಿ, ಭದ್ರಾ ನದಿಯ ತಲೆಯ ಮೇಲೆ. ಸುತ್ತ ಶೋಲಾ ಕಾಡು ಮತ್ತು ಹುಲ್ಲುಗಾವಲು, ಸಿಂಗಳೀಕಗಳ ನೆಲೆ. 1987ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅಂಥ ಮಳೆಗೆ ಅಗೆದ ಬೆಟ್ಟ ಎದೆಯೊಡ್ಡಿದರೆ ಹೂಳು ನದಿಗಿಳಿಯದೆ ಎಲ್ಲಿಗೆ ಹೋದೀತು? ಗಣಿ ಗುತ್ತಿಗೆ 1999ರಲ್ಲಿ ಮುಗಿಯಿತು, ಆದರೂ ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಮುಂದುವರಿಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆದ ಮೊಕದ್ದಮೆಯ ತೀರ್ಪು 2002ರ ಅಕ್ಟೋಬರ್ 30ರಂದು ಬಂತು. 2005ರ ಕೊನೆಗೆ ಗಣಿಗಾರಿಕೆ ನಿಲ್ಲಿಸಬೇಕೆಂದು ಅದರ ಸಾರ. 2005ರ ಡಿಸೆಂಬರ್ 31ಕ್ಕೆ ಯಂತ್ರಗಳು ನಿಂತವು.

ನಿಲ್ಲಿಸಿದ್ದು ಸರಿಯೆಂದೇ ನನ್ನ ಎಣಿಕೆ. ಕಾಡು ಮತ್ತು ನದಿಗೆ ಬದಲಿ ಇಲ್ಲ, ಅದಿರಿಗೆ ಇದೆ. ಆದರೆ ನಿಲ್ಲಿಸಿದ್ದರ ಬೆಲೆಯನ್ನು ಯಾರು ಕೊಟ್ಟರು ಎಂಬುದನ್ನೂ ನೀವು ತಿಳಿದಿರಬೇಕು. ಕುದುರೆಮುಖದ ಪಟ್ಟಣ ಬರಿದಾಯಿತು. ಶಾಲೆ, ಆಸ್ಪತ್ರೆ, ಸಾಲು ಮನೆಗಳಿದ್ದ ಊರಿನಿಂದ ಜನ ಹೊರಟುಹೋದರು. ಪಣಂಬೂರಿನ ಪೆಲೆಟ್ ಕಾರ್ಖಾನೆಗೆ ಛತ್ತೀಸಗಢದ ಬೈಲಾಡಿಲಾದ ಅದಿರನ್ನು ವಿಶಾಖಪಟ್ಟಣದಿಂದ ಹಡಗಿನಲ್ಲಿ ಇಡೀ ದಕ್ಷಿಣ ಭಾರತವನ್ನು ಸುತ್ತಿಸಿ ತರಿಸಬೇಕಾಯಿತು. ಅಲ್ಲೇ ಇದ್ದ ಊದುಕುಲುಮೆ, ವರ್ಷಕ್ಕೆ ಎರಡು ಲಕ್ಷ ಟನ್ನಿಗೆ ತುಸು ಹೆಚ್ಚು ಬೀಡುಕಬ್ಬಿಣ ಕೊಡಬಲ್ಲದ್ದು, 2009ರಲ್ಲಿ ನಿಂತಿತು. ಊದುಕುಲುಮೆಯನ್ನು ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸುವಂತಿಲ್ಲ. ಒಮ್ಮೆ ಹಚ್ಚಿದರೆ ಹದಿನೈದು ಇಪ್ಪತ್ತು ವರ್ಷ ಹಗಲಿರುಳು ಉರಿಯಬೇಕಾದ ಒಲೆ ಅದು. ಇನ್ನು ಸಂಡೂರಿನ ದೇವದಾರಿ ಬೆಟ್ಟದಲ್ಲಿ ಇದೇ ಕಂಪನಿಗೆ ಗಣಿ ಕೊಡುವ ಪ್ರಶ್ನೆ 2024ರಲ್ಲಿ ಮತ್ತೆ ಕಾಡಿನ ಪ್ರಶ್ನೆಯಾಗಿಯೇ ಎದ್ದಿತು. ಬಳ್ಳಾರಿ ಜಿಲ್ಲೆಯ ಗಣಿಗಳಂತೂ ಅಕ್ರಮದ ಕಾರಣಕ್ಕೆ 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದಲೇ ಮುಚ್ಚಿ, ನಂತರ ನಿಯಮಗಳೊಂದಿಗೆ ತೆರೆದವು.

ಇಂಗಾಲಕ್ಕೆ ಬದಲಿ

ಕಾಡಿನ ಲೆಕ್ಕದಂತೆ ಗಾಳಿಯ ಲೆಕ್ಕವೂ ಇದೆ. ಹೆಮಟೈಟಿನ 112 ಕಿಲೋ ಕಬ್ಬಿಣಕ್ಕೆ ಅಂಟಿದ 48 ಕಿಲೋ ಆಮ್ಲಜನಕವನ್ನು ಇಂಗಾಲ ಹೊತ್ತೊಯ್ದರೆ 66 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅಂದರೆ ಒಂದು ಟನ್ ಕಬ್ಬಿಣಕ್ಕೆ ಸುಮಾರು 590 ಕಿಲೋ. ಎಷ್ಟೇ ಜಾಣತನದ ಕುಲುಮೆ ಕಟ್ಟಿದರೂ ಅಪಕರ್ಷಣೆಯೊಂದಕ್ಕೇ ಇಷ್ಟು ಹೊಗೆ ಕಟ್ಟಿಟ್ಟದ್ದು, ಸೂತ್ರವೇ ಹಾಗಿದೆ. ಬಿಸಿಗಾಗಿ ಉರಿಸುವುದನ್ನೂ ಸೇರಿಸಿದರೆ ಊದುಕುಲುಮೆಯ ದಾರಿಯಲ್ಲಿ ಒಂದು ಟನ್ ಉಕ್ಕಿಗೆ ಎರಡು ಟನ್ನಿನ ಆಸುಪಾಸು.

ಇಂಗಾಲದ ಬದಲಿಗೆ ಜಲಜನಕವನ್ನು ಬಳಸಿದರೆ? ಅದೂ ಆಮ್ಲಜನಕವನ್ನು ಕಸಿಯಬಲ್ಲದು, ಹೊರಬರುವುದು ನೀರಿನ ಆವಿ. ಸ್ವೀಡನ್ನಿನಲ್ಲಿ 2021ರಲ್ಲಿ ಹೀಗೆ ಮಾಡಿದ ಉಕ್ಕನ್ನು ಗಿರಾಕಿಗೆ ಕೊಟ್ಟೂ ಆಯಿತು. ತೊಡಕುಗಳಿವೆ. ಇಂಗಾಲ ಉರಿದು ಬಿಸಿ ಕೊಡುತ್ತಿತ್ತು, ಜಲಜನಕದ ಕ್ರಿಯೆ ಬಿಸಿಯನ್ನು ತಾನೇ ಬೇಡುತ್ತದೆ. ಆ ಜಲಜನಕವನ್ನು ನೀರಿನಿಂದ ಬಿಡಿಸಲು ಬಹಳ ವಿದ್ಯುತ್ತು ಬೇಕು. ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ತಿರುಗಿ ಮೊದಲಿದ್ದಲ್ಲಿಗೇ. ಜೊತೆಗೆ ಈ ವಿಧಾನಕ್ಕೆ ಕಲ್ಮಶ ಬಹಳ ಕಡಿಮೆಯಿರುವ ಉಂಡೆಗಳೇ ಬೇಕು, ಏಕೆಂದರೆ ಇಲ್ಲಿ ಕರಗಿಸಿ ಕಿಟ್ಟವನ್ನು ತೇಲಿಸಿ ತೆಗೆಯುವ ಹಂತ ಇಲ್ಲ. ಪೆಲೆಟ್ ಮಾಡುವ ವಿದ್ಯೆಗೆ ಇದರಿಂದ ಹೊಸ ಬೆಲೆ ಬಂದಿದೆ.

ಕೊನೆಗೊಂದು ಲೆಕ್ಕವನ್ನು ನಿಮಗೇ ಬಿಡುತ್ತೇನೆ, ದಾರಿ ಮಾತ್ರ ತೋರಿಸುತ್ತೇನೆ. ಕುದುರೆಮುಖದ ಯೋಜನೆಯ ಪ್ರಕಾರ ವರ್ಷಕ್ಕೆ 226 ಲಕ್ಷ ಟನ್ ಅದಿರನ್ನು ಅರೆದು 75 ಲಕ್ಷ ಟನ್ ಸಾರ ತೆಗೆಯಬೇಕಿತ್ತು. ಅದಿರಿನಲ್ಲಿ ನೂರಕ್ಕೆ 38 ಕಬ್ಬಿಣ, ಸಾರದಲ್ಲಿ 67. ಒಳಗೆ ಹೋದ ಕಬ್ಬಿಣ ಸುಮಾರು 86 ಲಕ್ಷ ಟನ್, ಸಾರದಲ್ಲಿ ಹೊರಬಂದದ್ದು 50 ಲಕ್ಷ ಟನ್. ಉಳಿದ 36 ಲಕ್ಷ ಟನ್ ಕಬ್ಬಿಣ ಎಲ್ಲಿ? ಅದು ಅಯಸ್ಕಾಂತಕ್ಕೆ ಅಂಟದ ಕಣಗಳೊಡನೆ, ಮಳೆಗಾಳಿಗೆ ಸಿಕ್ಕಿ ಆಗಲೇ ಹೆಮಟೈಟ್ ಆಗಿದ್ದ ಕಣಗಳೊಡನೆ, ಲಕ್ಯಾ ಹೊಳೆಗೆ ಕಟ್ಟಿದ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಹೋಗಿ ಕೂತಿತು. ಹೂಳಿನಲ್ಲಿರುವ ಕಬ್ಬಿಣ ನೂರಕ್ಕೆ ಎಷ್ಟು ಎಂದು ಈ ಅಂಕಿಗಳಿಂದಲೇ ಕಂಡುಹಿಡಿಯಬಹುದು. ಉತ್ತರ 24ರ ಹತ್ತಿರ ಬಂದರೆ ನಿಮ್ಮ ಲೆಕ್ಕ ಸರಿ.